ಬೆಳೆಯ ಅಪಾಯವೂ ಅದನ್ನು ಅಳೆಯುವ ಬಗೆಗಳೂ

ಚಿಕ್ಕಬಳ್ಳಾಪುರದ ಕಡೆ ಕಳವಾರವೇ ಮೊದಲಾದ ಗ್ರಾಮಗಳಲ್ಲಿ, ಮಳೆಯನ್ನೇ ನಂಬಿದ ಹೊಲಗಳೊಳಗೆ ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು ಮುಂತಾದುವನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿರುವುದು. ಉತ್ತಮ ತಳಿಯ ರಾಗಿಯೊಂದನ್ನೇ ಸಾಕಷ್ಟು ಗೊಬ್ಬರ ಹಾಕಿ ಬೆಳೆದಲ್ಲಿ ಫಸಲು ಹೆಚ್ಚುವುದೆಂದು ತಿಳಿದವರು ಹೇಳುವುದುಂಟು; ಆ ಮಾತು ಸುಳ್ಳಲ್ಲ. ಹೀಗಿದ್ದೂ ಅನೇಕ ರೈತರು ಅಕ್ಕಡಿಯನ್ನು ಬಿಡಲೊಲ್ಲರು. ಇದನ್ನು ಹಠವೆಂದೋ ಅಜ್ಞಾನವೆಂದೋ ಕರೆಯುವ ಮುನ್ನ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಒಂದು ಬಗೆಯ ಬೇಸಾಯದಲ್ಲಿ ಎಕರೆಗೆ ನಾಲ್ಕು ವರ್ಷ 12 ಕ್ವಿಂಟಾಲು ಬಂದು, ಐದನೆಯ ವರ್ಷ ಏನೂ ಬಾರದೆ ಹೋಯಿತೆಂದಿಟ್ಟುಕೊಳ್ಳೋಣ. ಮತ್ತೊಂದರಲ್ಲಿ ಕಾಳುಕಡ್ಡಿಯ ಬೆಲೆಯನ್ನೆಲ್ಲ ರಾಗಿಗೆ ಕಟ್ಟಿ ನೋಡಿದರೆ ನಾಲ್ಕು ವರ್ಷ 8, ಐದನೆಯ ವರ್ಷ 5 ಕ್ವಿಂಟಾಲು ಬಂದಿತೆನ್ನೋಣ. ಸರಾಸರಿಯಲ್ಲಿ ಮೊದಲನೆಯದು 9.6, ಎರಡನೆಯದು 7.4. ಸರಾಸರಿಯನ್ನು ನೋಡತಕ್ಕವನು ಮೊದಲನೆಯದನ್ನೇ ಮೆಚ್ಚುವನು. ಆದರೆ ಒಂದೇ ಎಕರೆಯುಳ್ಳ, ವರ್ಷಕ್ಕೆ ಮನೆಯ ಊಟಕ್ಕೇ 5 ಕ್ವಿಂಟಾಲು ಬೇಕಾದ ಸಂಸಾರಸ್ಥನು ಸರಾಸರಿಯನ್ನು ಉಣ್ಣಲಾರನು. ಏನೂ ಬಾರದ ಆ ವರ್ಷ ಅವನು ಸಾಲ ಮಾಡಿ, ಸಾಲಕ್ಕೆ ಎತ್ತನ್ನು ಮಾರಿ, ಆರನೆಯ ವರ್ಷ ಮಳೆ ಬಂದಾಗ ಆರು ಕಟ್ಟಲು ಗತಿಯಿಲ್ಲದೆ ನಿಲ್ಲುವನು. ಅವನಿಗೆ ಅಪಾಯವೆಂದರೆ ಇಳುವರಿಯ ಏರಿಳಿತವಲ್ಲ, ಮತ್ತೆ ಏಳಲಾಗದಂತೆ ಬೀಳುವುದು. ನಾಲ್ಕಾರು ಕಡೆ ಹೊಲವೂ ಕಣಜದಲ್ಲಿ ಹಳೆಯ ರಾಗಿಯೂ ಇರುವ ದೊಡ್ಡ ಹಿಡುವಳಿದಾರನಾದರೋ ಮೊದಲನೆಯ ಬಗೆಯನ್ನೇ ಹಿಡಿಯಬಹುದು; ಅದರಲ್ಲಿ ಅವನಿಗೆ ಲಾಭವೇ. ಆದುದರಿಂದ ಊರಿನ ಮುಖಂಡರು ತಮಗೆ ಫಲಿಸಿದುದನ್ನೇ ನೆರೆಯ ಸಣ್ಣ ರೈತನಿಗೂ ಬುದ್ಧಿ ಹೇಳುವಾಗ ಅವನ ಕಣಜವನ್ನೂ ಒಮ್ಮೆ ನೋಡತಕ್ಕದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನು ಶಿಫಾರಸು ಮಾಡಿರುವುದರಿಂದ, ಅಕ್ಕಡಿಯು ಈಗ ಕೇವಲ ಹಿಂದಿನವರ ಪದ್ಧತಿಯೆಂದು ಹೇಳುವಂತೆಯೂ ಇಲ್ಲ.

ಹವಾಮಾನ ಇಲಾಖೆಯ ಅಳತೆಯು ಇನ್ನೊಂದು ಬಗೆಯದು. ವಾಡಿಕೆಯ ಮಳೆಗಿಂತ ನೂರಕ್ಕೆ 19ರವರೆಗೆ ಹೆಚ್ಚಾಗಲಿ ಕಡಿಮೆಯಾಗಲಿ, ಆ ಮಳೆಯನ್ನು ಅವರು ವಾಡಿಕೆಯದೆಂದೇ ಬರೆಯುವರು. ದೇಶದ ಮಳೆಯನ್ನು ಲೆಕ್ಕವಿಡುವವರಿಗೆ ಇದು ಸರಿಯಾದ ಕ್ರಮವೇ. ಆದರೆ ಬಿತ್ತನೆಯಲ್ಲಿ ಒಣಗಿಸಿ ಕೊಯ್ಲಿನಲ್ಲಿ ಸುರಿದ ಮಳೆಯೂ ಪಟ್ಟಿಯ ಕೊನೆಯಲ್ಲಿ ಕೂಡಿಸಿದಾಗ ವಾಡಿಕೆಯೆಂದೇ ಕಾಣುವುದು. 2021ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಮಳೆ ಯಥೇಚ್ಛವಾಗಿ ಬಂದು ಕೆರೆಗಳು ಕೋಡಿ ಹರಿದುವು. ಅದೇ ಮಳೆಯಲ್ಲಿ ಕೊಯ್ಲಿಗೆ ಬಂದ ರಾಗಿಯು ನೆಲಕ್ಕೊರಗಿ ತೆನೆಯಲ್ಲಿಯೇ ಮೊಳೆಯಿತು. ಕೆರೆಯನ್ನು ನೋಡಿದವರಿಗೆ ಅದು ಸುಭಿಕ್ಷದ ವರ್ಷ, ಕಣವನ್ನು ನೋಡಿದವರಿಗೆ ನಷ್ಟದ ವರ್ಷ.

ಕೊಳವೆ ಬಾವಿಯ ವಿಷಯದಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿರುವುದು. ನಂದಿಬೆಟ್ಟದ ಸುತ್ತಿನಲ್ಲಿ ಅರ್ಕಾವತಿ, ಪಾಲಾರ್, ಎರಡು ಪಿನಾಕಿನಿಗಳು ಹುಟ್ಟುವುವಾದರೂ ವರ್ಷವಿಡೀ ಹರಿಯುವ ನದಿಯೊಂದೂ ಈ ಸೀಮೆಗಿಲ್ಲ. ಆದಕಾರಣ ಸಾವಿರ ಅಡಿಗೂ ಆಳಕ್ಕೆ ಕೊರೆಯುವುದು ರೂಢಿಯಾಗಿರುವುದು. ಭೂಗರ್ಭಶಾಸ್ತ್ರಜ್ಞನು ಬಂಡೆಯ ಬಿರುಕುಗಳನ್ನು ನೋಡಿ ಸಂಭವವನ್ನು ಮಾತ್ರ ಹೇಳುವನು. ತೆಂಗಿನಕಾಯಿ ಹಿಡಿದು ಜಲ ನೋಡುವವನು ಅಷ್ಟು ಸಂಕೋಚಪಡುವುದಿಲ್ಲ. ಕೊರೆಯುವ ಯಂತ್ರದವನಿಗೆ ಅಡಿಯ ಲೆಕ್ಕದಲ್ಲಿ ಕೂಲಿಯಿರುವುದರಿಂದ ನೀರು ಬಂದರೂ ಬಾರದಿದ್ದರೂ ಅವನಿಗೆ ಒಂದೇ. ಇನ್ನು ಬ್ಯಾಂಕಿನವರು ನೋಡುವುದು ಜಮೀನಿನ ಆಧಾರವನ್ನು. ಈ ನಾಲ್ವರ ಪೈಕಿ ಬಾವಿ ಬತ್ತಿದ ದಿನ ನಷ್ಟ ಹೊರುವವನು ಒಬ್ಬನೂ ಇಲ್ಲ. ಇನ್ನೂ ನೂರು ಅಡಿ ಕೊರೆಸೆಂದು ಸಲಹೆ ಬಂದಾಗ, ಆ ನೂರು ಅಡಿಯ ಹೊಣೆ ಯಾರದೆಂದು ಕೇಳುವುದು ಅನುಚಿತವಲ್ಲ.

ವಿಮೆಯವರು ಅಪಾಯವನ್ನು ಒಬ್ಬನ ಕಷ್ಟವೆಂದು ನೋಡದೆ, ಸಾವಿರಾರು ಜನರ ನಡುವೆ ಹಂಚತಕ್ಕ ಮೊತ್ತವೆಂದು ನೋಡುವರು. ಈ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದ ಜೆ. ಎಸ್. ಚಕ್ರವರ್ತಿಯವರು ವ್ಯವಸಾಯದ ವಿಮೆಯ ವಿಷಯವಾಗಿ 1920ರಲ್ಲಿಯೇ ಗ್ರಂಥವೊಂದನ್ನು ಪ್ರಕಟಿಸಿ, ಒಬ್ಬೊಬ್ಬ ರೈತನ ನಷ್ಟವನ್ನು ಅಳೆಯದೆ ಒಂದು ಪ್ರದೇಶದ ಮಳೆಯ ಕೊರತೆಯನ್ನೇ ಆಧಾರವಾಗಿ ಹಿಡಿಯುವ ಯೋಜನೆಯನ್ನು ಸೂಚಿಸಿದ್ದರು. ಹೊಲಹೊಲಕ್ಕೂ ಹೋಗಿ ನಷ್ಟ ಕಟ್ಟುವ ಖರ್ಚು ಇದರಲ್ಲಿಲ್ಲ. ಮಳೆಮಾಪಕವನ್ನು ಯಾರ ದಾಕ್ಷಿಣ್ಯವೂ ಮುಟ್ಟಲಾರದು. ಆಗ ಅದು ಆಚರಣೆಗೆ ಬರಲಿಲ್ಲ. ಮಳೆಯ ಅಳತೆಯ ಮೇಲಿನ ವಿಮೆಯನ್ನು ಭಾರತದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ್ದು 2003ರಲ್ಲಿ, ಆಂಧ್ರಪ್ರದೇಶಕ್ಕೆ ಸೇರಿದ್ದ ಮಹಬೂಬನಗರ ಜಿಲ್ಲೆಯಲ್ಲಿ.

2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯೂ ಪ್ರದೇಶವನ್ನೇ ಹಿಡಿದಿರುವುದು. ಮುಂಗಾರಿನ ಆಹಾರ ಬೆಳೆಗೆ ರೈತನು ವಿಮಾ ಮೊತ್ತದ ನೂರಕ್ಕೆ 2ರಷ್ಟನ್ನು ಕೊಡತಕ್ಕದ್ದು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೂ ಉಳಿದವಕ್ಕೆ ಹೋಬಳಿಯೂ ಘಟಕವಾಗಿರುವುವು. ಘಟಕದೊಳಗೆ ಬೆಳೆ ಕಟಾವು ಪ್ರಯೋಗಗಳನ್ನು ನಡೆಸಿ, ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯ ಒಂದು ಭಾಗಕ್ಕಿಂತ ಆ ವರ್ಷದ ಇಳುವರಿ ಕಡಿಮೆಯಾದರೆ ಮಾತ್ರ ಎಲ್ಲರಿಗೂ ಪರಿಹಾರ. ಎತ್ತಿನ ಒಂದು ಕೊಂಬು ನೆನೆದು ಮತ್ತೊಂದು ನೆನೆಯಲಿಲ್ಲವೆನ್ನುವಂತಹ ಮಳೆಯ ಸೀಮೆಯಿದು. ಪಂಚಾಯಿತಿಯ ಬಹುಭಾಗ ಬೆಳೆದು ಒಬ್ಬನ ಹೊಲ ಒಣಗಿದರೆ ಅವನಿಗೆ ಏನೂ ದೊರೆಯದು. ಒಳ್ಳೆಯ ಬೆಳೆ ತೆಗೆದವನಿಗೂ ಒಂದೊಂದು ವರ್ಷ ಹಣ ಬರುವುದು. ಹಣ ಕಟ್ಟಿ ಮೋಸಹೋದೆನೆಂದು ರೈತನು ದೂರಲು ಬಹುಮಟ್ಟಿಗೆ ಇದೇ ಕಾರಣ. ಮೋಸ ಅಲ್ಲಿಲ್ಲ, ವಿಮೆಯಾದದ್ದು ಪಂಚಾಯಿತಿಯ ಬೆಳೆಗೇ ಹೊರತು ತನ್ನ ಹೊಲಕ್ಕಲ್ಲವೆಂಬುದನ್ನು ಹಣ ಕಟ್ಟುವ ದಿನ ಅವನಿಗೆ ಯಾರೂ ತಿಳಿಸದಿರುವುದೇ ಕೊರತೆ. 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ವಿಮೆ ಐಚ್ಛಿಕವಾಗಿರುವುದರಿಂದ, ತಿಳಿದೇ ಸೇರುವುದಕ್ಕೂ ಬಿಡುವುದಕ್ಕೂ ಈಗ ಅವಕಾಶವಿರುವುದು.

ಒಂದೆರಡು ಸಂದರ್ಭಗಳಲ್ಲಿ ಮಾತ್ರ ಸ್ವಂತ ಹೊಲವನ್ನೇ ನೋಡುವರು. ಆಲಿಕಲ್ಲು ಬಿದ್ದರೆ ಅಥವಾ ಹೊಲದಲ್ಲಿ ನೀರು ನಿಂತರೆ, ಹಾಗೂ ಕೊಯ್ದು ಹೊಲದಲ್ಲಿ ಹರಡಿದ ಬೆಳೆಯು 14 ದಿನಗಳೊಳಗಾಗಿ ಅಕಾಲದ ಮಳೆಯಿಂದ ಕೆಟ್ಟರೆ, 72 ಗಂಟೆಗಳೊಳಗೆ ವಿಮಾ ಸಂಸ್ಥೆಗಾಗಲಿ ಬ್ಯಾಂಕಿಗಾಗಲಿ ಕೃಷಿ ಇಲಾಖೆಗಾಗಲಿ ತಿಳಿಸಬೇಕು. 14447 ಎಂಬ ದೂರವಾಣಿ ಸಂಖ್ಯೆಗೂ ಹೇಳಬಹುದು. ಮಳೆ ಬಿಡಲೆಂದು ನಾಲ್ಕು ದಿನ ಕಾದವನ ಅರ್ಜಿ ನಿಲ್ಲುವುದಿಲ್ಲ. ಹೊಲದ ಸರ್ವೆ ನಂಬರನ್ನೂ ಹಣ ಕಟ್ಟಿದ ರಸೀದಿಯನ್ನೂ ಮನೆಯಲ್ಲಿ ಕೈಗೆ ಸಿಕ್ಕುವ ಕಡೆ ಇಟ್ಟಿರಬೇಕು. ಕಟಾವು ಪ್ರಯೋಗದ ದಿನ ಗ್ರಾಮದ ಮುಖಂಡರು ತಾವೇ ಹೊಲದಲ್ಲಿದ್ದು, ತೂಕವಾದ ಕಾಳಿನ ಲೆಕ್ಕವನ್ನು ಅಲ್ಲಿಯೇ ನೋಡಿಕೊಳ್ಳತಕ್ಕದ್ದು.