ಕುಂಬಾರನ ತಿಗರಿ, ತಾರೆಗಳ ತಿಗರಿ

ಬೆಳಗಾವಿಯ ದಕ್ಷಿಣಕ್ಕಿರುವ ಖಾನಾಪುರ ತನ್ನ ಮಣ್ಣಿಗೆ ಹೆಸರಾದ ಊರು. ಹೆಂಚು, ಮಡಕೆಗಳ ಕಸುಬು ಅಲ್ಲಿ ಹಳೆಯದು. ತಿಗರಿಯ ಮೇಲೆ ಮಣ್ಣು ನಿಲ್ಲಬೇಕಾದರೆ ವೇಗ, ಹದ, ತೂಕ ಮೂರೂ ಒಂದಕ್ಕೊಂದು ಒಪ್ಪಬೇಕೆಂಬುದನ್ನು ಕುಂಬಾರನ ಕೈ ಬಲ್ಲದು. ಸುರುಳಿಯಾಕಾರದ ನಕ್ಷತ್ರಲೋಕಗಳ ವಿಷಯದಲ್ಲಿ ಖಗೋಳಶಾಸ್ತ್ರಜ್ಞರು ವಿಚಾರಿಸುವುದೂ ಈ ಮೂರನ್ನೇ.

ಆದರೆ ಒಂದು ಭೇದವುಂಟು. ತಿಗರಿಯ ಮೇಲಿನ ಮಣ್ಣೆಲ್ಲ ಒಟ್ಟಿಗೇ ಸುತ್ತು ಮುಗಿಸುತ್ತದೆ. ಆಕಾಶಗಂಗೆಯಲ್ಲಿ ಒಳಗಿನ ತಾರೆಗಳು ಬೇಗನೆ, ಹೊರಗಿನವು ತಡವಾಗಿ ಸುತ್ತು ಮುಗಿಸುತ್ತವೆ. ನಮ್ಮ ಸೂರ್ಯನು ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷಗಳ ದೂರದಲ್ಲಿ, ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಿಂದ ಸಾಗುತ್ತಾನೆ. ಒಂದು ಪ್ರದಕ್ಷಿಣೆಗೆ 22 ಕೋಟಿ ವರ್ಷಗಳಷ್ಟು ಕಾಲ ಬೇಕು. ವೇಗದ ವರ್ಗವನ್ನು ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ, ಆ ಪಥದೊಳಗಿನ ದ್ರವ್ಯದ ಅಂದಾಜು ದೊರೆಯುತ್ತದೆ: ಹೆಚ್ಚುಕಡಿಮೆ 9,000 ಕೋಟಿ ಸೂರ್ಯರ ತೂಕ. ತಕ್ಕಡಿಯಿಲ್ಲದೆ ತೂಗುವ ಬಗೆ ಇದು.

ಇಷ್ಟು ಭಾರದ ತಟ್ಟೆ ಒಡೆಯದೆ ಉಳಿದಿರುವುದೇಕೆ? ಗುರುತ್ವವು ತಾರೆಗಳನ್ನು ಗುಂಪುಗೂಡಿಸಲು ಸದಾ ಎಳೆಯುತ್ತಿರುತ್ತದೆ. ಸಣ್ಣ ಗುಂಪುಗಳನ್ನು ತಾರೆಗಳ ಅಡ್ಡಾದಿಡ್ಡಿ ಚಲನೆ ಚದುರಿಸುತ್ತದೆ. ದೊಡ್ಡವುಗಳನ್ನು ಪರಿಭ್ರಮಣವೇ ತಡೆಯುತ್ತದೆ. ಈ ಎರಡು ಕಾವಲುಗಳ ನಡುವೆ ಸಂದು ಉಳಿದರೆ ಅಪಾಯ. ಸಂದು ಎಂದು ಮುಚ್ಚುವುದೆಂಬ ಗಣಿತವನ್ನು ಆಲಾರ್ ತೂಮ್ರೆ 1964ರಲ್ಲಿ ಒದಗಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದ ಚಂದಾ ಜೋಗ್ ಅವರು 1984ರಲ್ಲಿ, ಸಾಲೊಮನ್ ಅವರೊಡನೆ, ಇನ್ನೊಂದು ಸೂಕ್ಷ್ಮವನ್ನು ತೋರಿಸಿದರು: ತಾರೆಗಳಷ್ಟೇ ಇದ್ದರೆ ತಟ್ಟೆ ಸ್ಥಿರ, ಅನಿಲವಷ್ಟೇ ಇದ್ದರೂ ಸ್ಥಿರ, ಎರಡೂ ಕೂಡಿದಾಗ ಅಸ್ಥಿರವಾಗಬಹುದು. ನೀರು ತುಸು ಹೆಚ್ಚಾದರೆ ಗಟ್ಟಿ ಮಣ್ಣೂ ಕುಸಿಯುವಂತೆ, ತಣ್ಣನೆಯ ಅನಿಲ ಅಲ್ಪವಿದ್ದರೂ ಅದರ ಪ್ರಭಾವ ಅಲ್ಪವಲ್ಲ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ದೇವಯಾನಿ ನೀಹಾರಿಕೆಯ ಹೊರವಲಯದಲ್ಲಿಯೂ ವೇಗ ತಗ್ಗುವುದಿಲ್ಲವೆಂದು ವೆರಾ ರೂಬಿನ್ ಮತ್ತು ಫೋರ್ಡ್ 1970ರಲ್ಲಿ ಅಳೆದು ಪ್ರಕಟಿಸಿದರು. ತಟ್ಟೆಯನ್ನು ಸ್ಥಿರವಾಗಿಡಲು ಅದರ ಸುತ್ತ ಕಾಣದ ದ್ರವ್ಯದ ಪರಿವೇಷ ಬೇಕೆಂದು ಆಸ್ಟ್ರೈಕರ್ ಮತ್ತು ಪೀಬಲ್ಸ್ 1973ರಲ್ಲಿ ವಾದಿಸಿದರು. ವೇಗ ಒಟ್ಟು ತೂಕವನ್ನು ಹೇಳೀತು. ಅದರಲ್ಲಿ ತಟ್ಟೆಯದೆಷ್ಟು, ಪರಿವೇಷದ್ದೆಷ್ಟು ಎಂಬ ಪಾಲನ್ನು ತಾನಾಗಿ ಹೇಳದು. ಸ್ಥಿರತೆಯ ಉತ್ತರ ನಿಂತಿರುವುದಾದರೋ ಆ ಪಾಲಿನ ಮೇಲೆಯೇ.

ಬೆಳಗಾವಿಯ ದೀಪಗಳನ್ನು ಹಿಂದೆ ಬಿಟ್ಟು, ಕಾರ್ತಿಕದ ಚಂದ್ರನಿಲ್ಲದ ಇರುಳು ಖಾನಾಪುರದ ಕಾಡಂಚಿನಲ್ಲಿ ನಿಂತವರಿಗೆ, 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ದೇವಯಾನಿ ಮಸುಕಾದ ಬೆಳಕಾಗಿ ಬರಿಗಣ್ಣಿಗೆ ಕಾಣುತ್ತದೆ. ಅದನ್ನು ಒಡೆಯದಂತೆ ಹಿಡಿದಿರುವುದರಲ್ಲಿ ಬಹುಪಾಲು ಕಾಣುವುದೇ ಇಲ್ಲ.