11 ದಿನ, 7 ದೇಶ ಮತ್ತು ಕೆಲವು ತಪ್ಪು ಕಲ್ಪನೆಗಳು

ಯುರೋಪ್ ಪ್ರವಾಸದ ಜಾಹೀರಾತುಗಳಲ್ಲಿ ದೇಶಗಳನ್ನು ಎಣಿಸುವ ರೀತಿಯೇ ಒಂದು ಸೊಗಸು. ಸ್ವಿಟ್ಜರ್ಲೆಂಡಿನಿಂದ ಆಸ್ಟ್ರಿಯಾಕ್ಕೆ ಹೋಗುವ ದಾರಿಯಲ್ಲಿ ಲೀಕ್ಟನ್‌ಸ್ಟೈನ್‌ನ ವಾಡುಝ್ ಪಟ್ಟಣದಲ್ಲಿ ಬಸ್ಸು ಗಂಟೆ ಹೊತ್ತು ನಿಂತರೆ ಒಂದು ದೇಶ. ರೋಮ್‌ನಲ್ಲಿ ಸೇಂಟ್ ಪೀಟರ್ಸ್ ಚೌಕಕ್ಕೆ ಕಾಲಿಟ್ಟರೆ ವ್ಯಾಟಿಕನ್ ಎಂಬ ಇನ್ನೊಂದು ದೇಶ, ಅದರ ವಿಸ್ತೀರ್ಣ ಅರ್ಧ ಚದರ ಕಿಲೋಮೀಟರೂ ಇಲ್ಲ. ಹೀಗೆ 11 ದಿನಕ್ಕೆ 7 ದೇಶ ಭರ್ತಿಯಾಗುತ್ತವೆ. ಪ್ಯಾಕೇಜಿನ ಗೊಡವೆ ಬೇಡ, ಗಂಡ ಹೆಂಡತಿ ಇಬ್ಬರೇ ನಮ್ಮ ಪಾಡಿಗೆ ಹೋಗಿಬರೋಣ ಎನ್ನುವವರೂ ಯೋಜನೆ ಹಾಕಲು ಕೂತಾಗ ಇದೇ ಲೆಕ್ಕ ಹಿಡಿಯುತ್ತಾರೆ. ಹೇಗೂ ಅಷ್ಟು ದೂರ ಹೋಗುತ್ತೇವೆ, ಅಷ್ಟು ಖರ್ಚು ಮಾಡುತ್ತೇವೆ, ಊರು ಹೆಚ್ಚಾದಷ್ಟೂ ಲಾಭ!

ಉಳಿದ ತಪ್ಪು ಕಲ್ಪನೆಗಳಿಗೆಲ್ಲ ಇದೇ ತಾಯಿಬೇರು. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ವೇಗದ ರೈಲಿನಲ್ಲಿ ಸುಮಾರು 4 ಗಂಟೆ. ಕಾಗದದ ಮೇಲೆ ಅರ್ಧ ದಿನವೂ ಅಲ್ಲ. ಆದರೆ ಬೆಳಗ್ಗೆ ಎದ್ದು ಹರಡಿದ ಬಟ್ಟೆಯನ್ನೆಲ್ಲ ಸೂಟ್‌ಕೇಸಿಗೆ ತುಂಬಿ, ಹೋಟೆಲಿನ ಲೆಕ್ಕ ಮುಗಿಸಿ, ಮೆಟ್ರೊ ಮೆಟ್ಟಿಲುಗಳಲ್ಲಿ ಎರಡು ಪೆಟ್ಟಿಗೆ ಎಳೆದುಕೊಂಡು ನಿಲ್ದಾಣ ಸೇರುವ ಹೊತ್ತಿಗೆ 11 ದಾಟಿರುತ್ತದೆ. ಆ ಕಡೆ ಇಳಿದು, ಹೊಸ ಊರಿನ ಟ್ರಾಮಿನ ಟಿಕೆಟ್ ಯಂತ್ರದ ಜೊತೆ ಗುದ್ದಾಡಿ, ಕೋಣೆ ಸೇರಿದಾಗ ಸಂಜೆ. 10 ರಾತ್ರಿಯಲ್ಲಿ 5 ಊರು ಎಂದರೆ ಇಂಥ ದಿನಗಳು 4. ಅಷ್ಟರ ಮಟ್ಟಿಗೆ ನೀವು ನೋಡಿದ್ದು ಯುರೋಪಿನ ರೈಲು ನಿಲ್ದಾಣಗಳನ್ನು.

ನನ್ನನ್ನು ಕೇಳಿದರೆ 10 ರಾತ್ರಿಗೆ 3 ಊರು ಸಾಕು, 4 ಕಡೆಯ ಮಿತಿ. ಊರು ಬದಲಿಸದೆಯೂ ಊರು ನೋಡಬಹುದು. ಫ್ಲಾರೆನ್ಸ್‌ನಲ್ಲಿ ಪೆಟ್ಟಿಗೆ ಇಟ್ಟು ಬರಿಗೈಯಲ್ಲಿ ಪೀಸಾಕ್ಕೆ ಹೋದರೆ ರೈಲಿನಲ್ಲಿ ಒಂದು ಗಂಟೆ, ಸಂಜೆಗೆ ವಾಪಸ್. ಪ್ಯಾರಿಸ್‌ನಿಂದ ವರ್ಸೇಲ್ಸ್‌ಗೂ, ಲೂಸರ್ನ್‌ನಿಂದ ರೀಗಿ ಬೆಟ್ಟಕ್ಕೂ ಹೀಗೆಯೇ. ಆರಂಭದ ಊರಿಗೇ ವಾಪಸು ಬಂದು ವಿಮಾನ ಹತ್ತಿದರೆ ಅಗ್ಗ ಎಂಬ ನಂಬಿಕೆಯೂ ದಿನ ತಿನ್ನುತ್ತದೆ. ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿ ರೋಮ್‌ನಿಂದ ಬೆಂಗಳೂರಿಗೆ ಮರಳುವ ಟಿಕೆಟ್ಟನ್ನು ‘ಮಲ್ಟಿ ಸಿಟಿ’ ಆಯ್ಕೆಯಲ್ಲಿ ಒಟ್ಟಾಗಿ ಹುಡುಕಿ. ಎರಡು ಒನ್‌ವೇ ಟಿಕೆಟ್ ಕೂಡಿಸಿದ ಬೆಲೆ ಅಲ್ಲಿ ಬರುವುದಿಲ್ಲ, ಸಾಮಾನ್ಯವಾಗಿ ಹೋಗಿಬರುವ ಟಿಕೆಟ್ಟಿನ ಆಸುಪಾಸಿನಲ್ಲೇ ಇರುತ್ತದೆ. ರೋಮ್‌ನಿಂದ ಮತ್ತೆ ಪ್ಯಾರಿಸ್‌ಗೆ ರೈಲಿನಲ್ಲಿ ಬರುವ ಒಂದಿಡೀ ದಿನ ಉಳಿಯುತ್ತದೆ. ಎಚ್ಚರಿಕೆ ಒಂದೇ: ಇಂಥ ಟಿಕೆಟ್ಟಿನ ಮೊದಲ ವಿಮಾನವನ್ನು ಹತ್ತದಿದ್ದರೆ ವಿಮಾನ ಸಂಸ್ಥೆಗಳು ಮುಂದಿನದನ್ನೂ ರದ್ದು ಮಾಡುತ್ತವೆ.

ದಿನಗಳ ಮಾತು ಬಂದಾಗ ವಾರಗಳನ್ನೂ ನೋಡಬೇಕು. ಪ್ಯಾರಿಸ್‌ನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಅಲ್ಲೇ ನದಿಯಾಚೆಗಿನ ಓರ್ಸೆ ಸೋಮವಾರ. ಫ್ಲಾರೆನ್ಸ್‌ನ ಉಫೀಝಿ ಸೋಮವಾರ. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಭಾನುವಾರ ರಜೆ. ಮಿಲಾನ್‌ನಲ್ಲಿರುವ ಲಿಯೊನಾರ್ಡೊ ಡ ವಿಂಚಿಯ ‘ಕೊನೆಯ ಭೋಜನ’ ಚಿತ್ರದ ಮುಂದೆ ಒಂದು ಗುಂಪಿಗೆ 15 ನಿಮಿಷ ಮಾತ್ರ ಅವಕಾಶ, ಟಿಕೆಟ್ ಬಹಳ ಮುಂಚೆಯೇ ಕಾಯ್ದಿರಿಸಬೇಕು. ‘ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯ್ತು’ ಎಂಬ ನಮ್ಮ ಜಾಯಮಾನ ಇಲ್ಲಿ ನಡೆಯುವುದಿಲ್ಲ.

ಇನ್ನು ವೀಸಾ. ‘ಯುರೋಪ್ ವೀಸಾ ಒಂದಿದ್ದರೆ ಎಲ್ಲ ಕಡೆ ಓಡಾಡಬಹುದು’ ಎಂಬ ಮಾತನ್ನು ಎಷ್ಟು ಮದುವೆ ಮನೆಗಳಲ್ಲಿ ಕೇಳಿಲ್ಲ! ಇರುವುದು ಷೆಂಗೆನ್ ವೀಸಾ. ಅದು ನಡೆಯುವುದು 29 ದೇಶಗಳಲ್ಲಿ. ಬ್ರಿಟನ್, ಐರ್ಲೆಂಡ್ ಈ ಪಟ್ಟಿಯಲ್ಲಿಲ್ಲ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲದಿದ್ದರೂ ಷೆಂಗೆನ್‌ನಲ್ಲಿದೆ. ಕ್ರೊಯೇಷಿಯಾ 2023ರಲ್ಲಿ ಸೇರಿತು, ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿಯಿಂದ ಪೂರ್ತಿಯಾಗಿ ಒಳಗಿವೆ.

ಲಂಡನ್ನಿಗೆ ಬೇರೆ ವೀಸಾ ಬೇಕೆಂಬುದು ಈಗ ಹಲವರಿಗೆ ಗೊತ್ತು. ಗೊತ್ತಿಲ್ಲದ ಗುಂಡಿ ಅದರ ಪಕ್ಕದಲ್ಲೇ ಇದೆ. ಪ್ಯಾರಿಸ್, ಅಲ್ಲಿಂದ ಲಂಡನ್, ಮತ್ತೆ ಜ್ಯೂರಿಕ್ ಎಂದು ಯೋಜನೆ ಹಾಕಿದಿರಿ ಎನ್ನಿ. ಲಂಡನ್ನಿನ ರೈಲು ಹತ್ತಿದೊಡನೆ ನೀವು ಷೆಂಗೆನ್‌ನಿಂದ ಹೊರಬಿದ್ದಿರಿ. ಒಂದೇ ಸಲ ಒಳಹೋಗಲು ಅವಕಾಶವಿರುವ ವೀಸಾ ನಿಮ್ಮದಾಗಿದ್ದರೆ ಜ್ಯೂರಿಕ್ ಬಾಗಿಲು ಮುಚ್ಚಿತು. ಪರಿಹಾರ ಸುಲಭ: ಲಂಡನ್ನನ್ನು ಪ್ರವಾಸದ ಒಂದು ತುದಿಗೆ ಹಾಕಿ, ನಡುವೆ ತರಬೇಡಿ.

ಪಾಸ್‌ಪೋರ್ಟಿಗೆ ಅಂಟಿಸಿಕೊಡುವ ಆ ವೀಸಾ ಚೀಟಿಯನ್ನು ಓದಲು ಎರಡು ನಿಮಿಷ ಮೀಸಲಿಡಿ. ಅದರಲ್ಲಿ ಎರಡು ದಿನಾಂಕಗಳಿರುತ್ತವೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು. ಅದರ ಜೊತೆಗೆ ಎಷ್ಟು ಸಲ ಒಳಹೋಗಬಹುದು ಎಂಬುದು 1, 2 ಅಥವಾ ‘ಮಲ್ಟ್’ ಎಂದಿರುತ್ತದೆ. ಮೂರನೆಯದು ದಿನಗಳ ಸಂಖ್ಯೆ. ಜನ ಎಡವುವುದು ಈ ಮೂರನೆಯದರಲ್ಲಿ. ದಿನಾಂಕಗಳ ನಡುವೆ 27 ದಿನ ಅಂತರವಿದ್ದು ದಿನಗಳ ಸಂಖ್ಯೆ 12 ಎಂದಿದ್ದರೆ ನೀವು ಇರಬಹುದಾದದ್ದು 12 ದಿನ ಮಾತ್ರ. ಉಳಿದ 15 ದಿನ ಪ್ರಯಾಣ ಹಿಂದೆ ಮುಂದೆ ಆದರೆ ಇರಲೆಂದು ಕೊಟ್ಟ ಸಡಿಲ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ, ರಾತ್ರಿ 11 ಗಂಟೆಗೆ ಇಳಿದರೂ ಅದು ಒಂದು ದಿನ.

‘ಆ ದೇಶದವರು ಬೇಗ ಕೊಡುತ್ತಾರಂತೆ, ಅಲ್ಲೇ ಅರ್ಜಿ ಹಾಕೋಣ’ ಎನ್ನುವುದು ಇನ್ನೊಂದು. ನಿಯಮದ ಪ್ರಕಾರ ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇಟಲಿಯಲ್ಲಿ 5 ರಾತ್ರಿ, ಫ್ರಾನ್ಸ್‌ನಲ್ಲಿ 3 ರಾತ್ರಿ ಇರುವವರು ಇಟಲಿಯ ವೀಸಾ ಪಡೆದು ಮೊದಲು ಪ್ಯಾರಿಸ್‌ನಲ್ಲಿ ಇಳಿಯಬಹುದು. ವೀಸಾ ಕೊಟ್ಟ ದೇಶದಲ್ಲೇ ಮೊದಲು ಇಳಿಯಬೇಕೆಂಬುದು ಬರೀ ಗಾಳಿಮಾತು. ಹಾಗೆಯೇ ವೀಸಾಕ್ಕೆ ಮೊದಲೇ ಟಿಕೆಟ್‌ಗೆ ಪೂರ್ತಿ ಹಣ ಕಟ್ಟಿರಬೇಕೆಂಬುದೂ ಕಡ್ಡಾಯವಲ್ಲ, ಕಾಯ್ದಿರಿಸಿದ ದಾಖಲೆ ಸಾಕು. ಅರ್ಜಿಯನ್ನು ಪ್ರವಾಸಕ್ಕೆ 6 ತಿಂಗಳು ಮುಂಚೆಯೇ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯಬಹುದು. ಶುಲ್ಕ 2024ರ ಜೂನ್‌ನಿಂದ ತಲಾ 90 ಯೂರೊ. ವೀಸಾ ನಿರಾಕರಿಸಿದರೂ ಆ ಹಣ ಮರಳುವುದಿಲ್ಲ.

ದಂಪತಿಗೆ ಒಂದೇ ಅರ್ಜಿ ಎಂದುಕೊಂಡವರಿದ್ದಾರೆ. ಇಲ್ಲ, ಇಬ್ಬರದೂ ಬೇರೆ ಬೇರೆ ಅರ್ಜಿ, ಬೇರೆ ತೀರ್ಮಾನ. ಒಬ್ಬರಿಗೆ ಸಿಕ್ಕು ಇನ್ನೊಬ್ಬರಿಗೆ ಸಿಗದೆ ಇರುವುದೂ ಉಂಟು. ಮದುವೆಯಾದ ಮೇಲೆ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಿರಲೇಬೇಕು ಎಂಬುದೂ ಸುಳ್ಳು. ಹುಟ್ಟಿದ ಮನೆಯ ಹೆಸರಿನಲ್ಲೇ ಧಾರಾಳವಾಗಿ ಪ್ರಯಾಣಿಸಬಹುದು. ಆದರೆ ಒಬ್ಬರ ಖರ್ಚನ್ನು ಇನ್ನೊಬ್ಬರು ವಹಿಸುವುದಾಗಿ ತೋರಿಸುವಾಗ ಮದುವೆ ನೋಂದಣಿ ಪತ್ರ ಕೇಳುತ್ತಾರೆ, ಲಗ್ನಪತ್ರಿಕೆ ತೋರಿಸಿದರೆ ಒಪ್ಪುವುದಿಲ್ಲ. ನೋಂದಣಿ ಮಾಡಿಸದೆ ಬಿಟ್ಟವರು ಮೊದಲು ಉಪನೋಂದಣಾಧಿಕಾರಿ ಕಚೇರಿಯ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ.

ಹೆಸರಿನ ವಿಷಯದಲ್ಲಿ ನಮ್ಮವರ ಕಷ್ಟವೇ ಬೇರೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಿನಲ್ಲಿ ಅಡಗಿ ಕೂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಉದ್ದವಾಗುತ್ತವೆ, ಆಧಾರ್‌ನಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಇನ್ನೊಂದು ರೀತಿ. ಟಿಕೆಟ್ ತೆಗೆಯುವಾಗ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ. ಎಲ್ಲರೂ ಕರೆಯುವ ಹೆಸರು ಅಲ್ಲಿ ಕೆಲಸಕ್ಕೆ ಬಾರದು.

ಟಿಕೆಟ್ ಬೆಲೆಯ ಬಗ್ಗೆ ಇರುವಷ್ಟು ಮೂಢನಂಬಿಕೆ ಬೆಕ್ಕು ಅಡ್ಡ ಬರುವುದರ ಬಗ್ಗೆಯೂ ಇರಲಾರದು. ಮಂಗಳವಾರ ಮಧ್ಯರಾತ್ರಿ ಅಗ್ಗ, ಪದೇ ಪದೇ ನೋಡಿದರೆ ಬೆಲೆ ಏರಿಸುತ್ತಾರೆ, ಆದ್ದರಿಂದ ಬ್ರೌಸರಿನ ಗುಪ್ತ ಕಿಟಕಿಯಲ್ಲಿ ನೋಡಬೇಕು. ಇವಕ್ಕೆ ಗಟ್ಟಿ ಆಧಾರವಿಲ್ಲ. ಒಂದೇ ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ, ಅಗ್ಗದ ಗುಂಪು ಮುಗಿದರೆ ಮುಂದಿನದು ತೆರೆಯುತ್ತದೆ. ಇದರಲ್ಲಿ ಇಬ್ಬರಾಗಿ ಹೋಗುವವರು ತಿಳಿಯಬೇಕಾದ ಗುಟ್ಟೊಂದಿದೆ. ಅಗ್ಗದ ಗುಂಪಿನಲ್ಲಿ ಒಂದೇ ಸೀಟು ಉಳಿದಿದ್ದು ನೀವು ಎರಡು ಸೀಟು ಕೇಳಿದರೆ, ಸಾಮಾನ್ಯವಾಗಿ ಇಬ್ಬರಿಗೂ ಮೇಲಿನ ದರವನ್ನೇ ತೋರಿಸುತ್ತದೆ. ಒಬ್ಬರಿಗೆಂದು ಒಮ್ಮೆ ಹುಡುಕಿ ನೋಡಿ, ವ್ಯತ್ಯಾಸ ಕಂಡರೆ ಒಂದೊಂದಾಗಿ ಕೊಳ್ಳಿ. ಆಗ ಪಿಎನ್‌ಆರ್ ಎರಡಾಗುತ್ತದೆ ಎಂಬುದೂ ನೆನಪಿರಲಿ. ವಿಮಾನ ತಪ್ಪಿದರೆ ಇಬ್ಬರನ್ನೂ ಒಂದೇ ಬದಲಿ ವಿಮಾನಕ್ಕೆ ಹಾಕುತ್ತಾರೆಂಬ ಭರವಸೆ ಇಲ್ಲ.

ಯುರೋಪಿನೊಳಗಿನ ಅಗ್ಗದ ವಿಮಾನಗಳೂ ಕಂಡಷ್ಟು ಅಗ್ಗವಲ್ಲ. ‘ಪ್ಯಾರಿಸ್ ಬೋವೆ’ ವಿಮಾನ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ದೂರ. ‘ಫ್ರಾಂಕ್‌ಫರ್ಟ್ ಹಾನ್’ 100 ಕಿ.ಮೀ.ಗೂ ಆಚೆ. ಪೆಟ್ಟಿಗೆಗೆ ಬೇರೆ ದುಡ್ಡು, ಊರು ಮುಟ್ಟಲು ಬಸ್ಸಿಗೆ ಬೇರೆ. ರೈಲು ಊರ ನಡುವೆಯೇ ಇಳಿಸುತ್ತದೆ.

ಹಾಗೆಂದು ರೈಲು ಪಾಸು ತೆಗೆದರೆ ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. ಯುರೇಲ್ ಪಾಸ್ ಇದ್ದರೂ ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ರೈಲುಗಳಲ್ಲಿ ಸೀಟನ್ನು ಬೇರೆಯಾಗಿ ದುಡ್ಡು ಕೊಟ್ಟು ಕಾಯ್ದಿರಿಸಲೇಬೇಕು. ಪಾಸಿನವರಿಗೆಂದು ಇಡುವ ಸೀಟುಗಳು ಯೂರೋಸ್ಟಾರ್‌ನಂಥ ರೈಲುಗಳಲ್ಲಿ ಬೇಗ ಖಾಲಿಯಾಗುತ್ತವೆ. ಮೂರೇ ಊರು, ಎರಡೇ ರೈಲು ಎಂದಾದರೆ ಮುಂಗಡ ಟಿಕೆಟ್ಟೇ ಅಗ್ಗ. ಸ್ವಿಸ್ ಟ್ರಾವೆಲ್ ಪಾಸ್ ಬೇರೆ ಜಾತಿಯದು. ರೈಲು, ಬಸ್ಸು, ಸರೋವರದ ದೋಣಿ, ರೀಗಿ ಬೆಟ್ಟ ಎಲ್ಲವೂ ಅದರೊಳಗಿದೆ. ಆದರೆ 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೂ ಅದು ಸಾಕು ಎಂದು ನಂಬಿ ಹೋದವರು ಟಿಕೆಟ್ ಕಿಟಕಿಯಲ್ಲಿ ಬೆಚ್ಚಿಬೀಳುತ್ತಾರೆ. ಪಾಸು ನಡೆಯುವುದು ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ, ಅದರಾಚೆಗೆ ರಿಯಾಯಿತಿ ಮಾತ್ರ.

ದುಡ್ಡಿನ ವಿಷಯದಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸುವ ತಪ್ಪು ಕಲ್ಪನೆಯೊಂದಿದೆ. ಅಂಗಡಿಯಲ್ಲಿ ಕಾರ್ಡು ಕೊಟ್ಟಾಗ ಯಂತ್ರ ಕೇಳುತ್ತದೆ, ಯೂರೊದಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ? ನಮ್ಮ ದುಡ್ಡು, ಲೆಕ್ಕ ಸಿಗುತ್ತದೆ ಎಂದು ಬೆರಳು ರೂಪಾಯಿಯತ್ತ ಹೋಗುತ್ತದೆ. ಒತ್ತಬೇಡಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಆ ಯಂತ್ರದ ಹಿಂದಿರುವವರು ತಮಗೆ ಬೇಕಾದಂತೆ ಹಾಕುತ್ತಾರೆ, ಲಾಭವೆಲ್ಲ ಅವರಿಗೆ. ಎಟಿಎಂನಲ್ಲೂ ಇದೇ ಆಟ. ಯಾವಾಗಲೂ ಆ ದೇಶದ ಕರೆನ್ಸಿಯನ್ನೇ ಒತ್ತಿ. ಸ್ವಿಟ್ಜರ್ಲೆಂಡಿನಲ್ಲಿ ಅದು ಫ್ರಾಂಕ್, ಯೂರೊ ಅಲ್ಲ. ಗಂಡನ ಕಾರ್ಡಿಗೆ ಹೆಂಡತಿಯ ಹೆಸರಿನಲ್ಲಿ ಆಡ್-ಆನ್ ಕಾರ್ಡು ತೆಗೆದುಕೊಂಡು ಎರಡು ಕಾರ್ಡಾಯಿತು ಎಂದುಕೊಳ್ಳುವುದೂ ಬೇಡ, ಎರಡರ ಮಿತಿಯೂ ಒಂದೇ. ಬೇರೆ ಬ್ಯಾಂಕಿನ ಕಾರ್ಡೊಂದು ಬೇರೆ ಪರ್ಸಿನಲ್ಲಿರಲಿ.

ಪ್ಯಾಕೇಜಿನ ಬಿಲ್ಲಿನಲ್ಲಿ ಕಾಣುವ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಹೆಚ್ಚುವರಿ ಹೊರೆ ಎಂದು ಗೊಣಗುವವರು ಬಹಳ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗಬಹುದು, ಆದರೆ ಕಟ್ಟಿದ್ದು ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಹೊಳೆಗೆ ಸುರಿದ ಹಣ ಅಲ್ಲ ಅದು.

ಊಟದ ಭಯಕ್ಕೆ ಹೆಚ್ಚು ಮಾತು ಬೇಡ. ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದ ಹಿಂಬದಿಯ ಲಾ ಶಪೆಲ್ ಬೀದಿಗಳಲ್ಲಿ ಶ್ರೀಲಂಕಾ ತಮಿಳರ ಹೋಟೆಲುಗಳು ಸಾಲುಸಾಲಾಗಿವೆ, ದೋಸೆ ಸಿಗುತ್ತದೆ. ಇಟಲಿಯಲ್ಲಿ ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಪಾಸ್ತಾ ಎಲ್ಲೆಲ್ಲೂ ಇದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಪಾರ್ಮೆಸಾನ್ ಚೀಸ್ ಬೇಡವೆಂದು ಹೇಳಬೇಕು, ಅದನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ. ಚಟ್ನಿಪುಡಿ, ಗೊಜ್ಜವಲಕ್ಕಿಗೆ ಅಡ್ಡಿಯಿಲ್ಲ. ಅಮ್ಮ ಕಾಯಿಸಿಕೊಟ್ಟ ತುಪ್ಪವನ್ನು ಮಾತ್ರ ಮನೆಯಲ್ಲೇ ಬಿಡಿ. ಹೊರದೇಶದ ಹಾಲಿನ ಪದಾರ್ಥ, ಮಾಂಸಗಳಿಗೆ ಯುರೋಪಿಯನ್ ಒಕ್ಕೂಟದಲ್ಲಿ ಪ್ರವೇಶವಿಲ್ಲ. ಮಾವಿನಹಣ್ಣಿಗೂ ಪ್ರಮಾಣಪತ್ರ ಬೇಕು, ಬಾಳೆಹಣ್ಣು ತೆಂಗಿನಕಾಯಿಗೆ ಬೇಡ!

ವಿಮೆಯನ್ನು ವೀಸಾಕ್ಕಾಗಿ ಕೊಡುವ ಕಾಗದ ಎಂದು ನೋಡುವುದು ಅಪಾಯ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂಥದ್ದು, ಪ್ರವಾಸದ ಎಲ್ಲ ದಿನಗಳಿಗೂ ಇರಬೇಕು. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಯಿರಿ.

ಬರುವ ಬೇಸಿಗೆಗೆ ಹೊರಡುವ ಮನಸ್ಸಿದ್ದರೆ ಇಂದೇ ಇಬ್ಬರ ಪಾಸ್‌ಪೋರ್ಟನ್ನೂ ಬೀರುವಿನಿಂದ ತೆಗೆಯಿರಿ. ಕೊಟ್ಟು 10 ವರ್ಷ ಮೀರಿರಬಾರದು, ಷೆಂಗೆನ್‌ನಿಂದ ಹೊರಟ ಮೇಲೂ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಇವುಗಳಲ್ಲಿ ಒಂದು ಕಡಿಮೆಯಾದರೂ ಮೊದಲು ನವೀಕರಣಕ್ಕೆ ಅರ್ಜಿ ಹಾಕಿ. ಊರುಗಳ ಪಟ್ಟಿ ಆಮೇಲೆ ಮಾಡಿದರಾಯಿತು.