ಭಾನುವಾರದ ಪಂದಿಕರಿಯೂ ಹುಳಿಯ ಸೀಸೆಯೂ

ಗುಮಾಸ್ತನ ಮನೆಯಲ್ಲಿ ಯಾವುದಕ್ಕೂ ಪುರಸೊತ್ತಿಲ್ಲ. ಕುಕ್ಕರು ಎಷ್ಟು ಸಲ ಕೂಗಿತೆಂದು ಎಣಿಸುತ್ತ ಷರ್ಟಿನ ಗುಂಡಿ ಹಾಕಿಕೊಳ್ಳುವುದೇ ನಮ್ಮ ಪಾಕಶಾಸ್ತ್ರ. ಮೂರು ಗಂಟೆ ಒಲೆಯ ಮುಂದೆ ಕೂರಬೇಕಾದ ಅಡುಗೆಯೊಂದರ ವಿಚಾರವನ್ನು ನಾವು ಬರೆಯುತ್ತಿದ್ದೇವೆಂದರೆ, ವಾಗ್ಳೆ ಎಸ್ಟೇಟಿನ ನಮ್ಮ ಸ್ನೇಹಿತರು ನಕ್ಕಾರು. ಈ ಪತ್ರಿಕೆಯ ವಾಚಕರಲ್ಲಿ ಹಂದಿಯ ಮಾಂಸವನ್ನು ಮುಟ್ಟದವರೂ ಅನೇಕರಿದ್ದಾರೆ. ಅವರು ಕ್ಷಮಿಸಬೇಕು, ಹುಳಿಯ ಕಥೆಯನ್ನಾದರೂ ಓದಬೇಕು.

ನಮ್ಮ ಊರು ಕೊಡಗು, ಮನೆಮಾತು ಅರೆಭಾಷೆ. ಗದ್ದೆಯ ನಾಟಿ ಮುಗಿದು, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ನಮ್ಮಲ್ಲಿ ಕೈಲ್ ಮುಹೂರ್ತ. ಆಯುಧಗಳಿಗೆ ಪೂಜೆಯಾದ ಮೇಲೆ ಕಡಂಬುಟ್ಟು, ಪಂದಿಕರಿಯ ಊಟ. ಇಲ್ಲಿ ಆ ದಿನ ಬಹುಮಟ್ಟಿಗೆ ಶ್ರಾವಣದಲ್ಲೋ ಗಣೇಶೋತ್ಸವದಲ್ಲೋ ಬೀಳುತ್ತದೆ. ಅಕ್ಕಪಕ್ಕದವರೆಲ್ಲ ಈರುಳ್ಳಿಯನ್ನೇ ಬಿಟ್ಟಿರುವಾಗ ಹಂದಿಯ ಮಾಂಸ ಬೇಯಿಸುವುದು ಸರಿಯಲ್ಲ. ಆದುದರಿಂದ ನಮ್ಮ ಹಬ್ಬ ಅನಂತ ಚತುರ್ದಶಿ ಕಳೆದ ಮೇಲಿನ ಒಂದು ಭಾನುವಾರಕ್ಕೆ ಹೋಗುತ್ತದೆ.

ಈ ಅಡುಗೆಗೆ ಪ್ರಾಣವಿರುವುದು ಕಾಚಂಪುಳಿಯಲ್ಲಿ. ಶಿರಸಿಯ ಕಡೆಯವರು ಉಪ್ಪಾಗೆ ಎನ್ನುವ, ಮಲಯಾಳಿಗಳು ಕುಡಂಪುಳಿ ಎನ್ನುವ ಹಣ್ಣನ್ನೇ ನಾವು ಪಣಪುಳಿ ಎನ್ನುವುದು. ಮಳೆಗಾಲದಲ್ಲಿ ಹಣ್ಣಾಗಿ ಬಿದ್ದದ್ದನ್ನು ಬಿದಿರಿನ ಬುಟ್ಟಿಯಲ್ಲಿ ಒಟ್ಟಿ, ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕಳಿತು ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಾಯಿಸಿ ಕಾಯಿಸಿ ಇಳಿಸಿದರೆ ಡಾಂಬರಿನಂಥ ಕಪ್ಪು ಹುಳಿ. ವರ್ಷಗಟ್ಟಲೆ ಇಟ್ಟರೂ ಕೆಡದು. ಇಲ್ಲಿಯ ಅಂಗಡಿಗಳ ಆಮ್ಸುಲ್, ಅಂದರೆ ಪುನರ್ಪುಳಿಯ ಸಿಪ್ಪೆ, ಇದರ ದಾಯಾದಿಯೇ ಹೌದು. ಆದರೆ ರುಚಿ ಬೇರೆ, ಬಣ್ಣ ಬೇರೆ.

ನಮ್ಮ ಮನೆಯಲ್ಲಿದ್ದ ಸೀಸೆ 2017ರ ಮಳೆಗಾಲದಲ್ಲಿ ಅವ್ವ ಕಾಯಿಸಿದ್ದು. 2018ರ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ಅದನ್ನು ಬಟ್ಟೆಯಲ್ಲಿ ಸುತ್ತಿ, ಮಂಗಳೂರಿನಿಂದ ಮತ್ಸ್ಯಗಂಧ ರೈಲಿನಲ್ಲಿ ಠಾಣೆಗೆ ತಂದೆವು. ಅದೇ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಮಳೆಗೆ ಕುಸಿದುದನ್ನು ವಾಚಕರು ಮರೆತಿರಲಾರರು. ಮಕ್ಕಂದೂರಿನ ಕಡೆ ಇದ್ದ ನಮ್ಮ ಮನೆಯ ಹಿಂದಿನ ಬರೆ ಜಾರಿತು. ದೇವರ ದಯೆಯಿಂದ ಜನ ಉಳಿದರು, ಮನೆ ಉಳಿಯಲಿಲ್ಲ. ಬರೆಯ ಮೇಲಿದ್ದ ಪಣಪುಳಿಯ ಮರವೂ ಹೋಯಿತು. ಅವ್ವ ಒಂದು ಚೀಲ ಹಿಡಿದು ನಮ್ಮ ಎರಡು ಕೋಣೆಯ ಮನೆಗೆ ಬಂದರು. ಆ ಮರದ್ದೆಂದು ಉಳಿದದ್ದು ನಮ್ಮ ಕಪಾಟಿನ ಸೀಸೆ ಒಂದೇ.

ಅಂಥ ವಸ್ತುವನ್ನು ನಾವು ಮೊದಲ ವರ್ಷವೇ ಹಾಳುಮಾಡಿದೆವು. ಅವ್ವನಿಗೆ ಜ್ವರ. ಸೋಮವಾರ ಕಚೇರಿ ಇದೆಯೆಂಬ ಆತುರದಲ್ಲಿ, ಮಾಂಸ, ಮಸಾಲೆ, ಹುಳಿ ಎಲ್ಲವನ್ನೂ ಒಟ್ಟಿಗೆ ಅಲ್ಯೂಮಿನಿಯಮ್ ಕುಕ್ಕರಿಗೆ ಸುರಿದು ಎಂಟು ಸಲ ಕೂಗಿಸಿದೆವು. ಮಾಂಸ ನಾರುನಾರಾಯಿತು, ಸಾರು ನೀರಾಯಿತು, ಹುಳಿ ಒಗರಾಯಿತು. ಅವ್ವ ಎರಡು ತುತ್ತು ತಿಂದು, “ಚೆನ್ನಾಗಿದೆ ಮಗ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಬೈದಿದ್ದರೆ ನಮಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಮರುವರ್ಷ ಅವರೇ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಆಗ ಕಲಿತದ್ದನ್ನು ಇಲ್ಲಿ ಕೊಡುತ್ತೇವೆ.

ಮಾಂಸ 1 ಕಿಲೋ. ಚರ್ಮ, ಕೊಬ್ಬು ಇರಲೇಬೇಕು. ಪರಿಚಯದ, ಶುಚಿಯಾದ ಅಂಗಡಿಯಲ್ಲೇ ಕೊಳ್ಳತಕ್ಕದ್ದು. ಅರೆಬೆಂದ ಹಂದಿಯ ಮಾಂಸದಿಂದ ಲಾಡಿಹುಳು ಮೈಸೇರುವ ಭಯವುಂಟು. ಒಳಗೆ ಕೆಂಪು ಉಳಿಯಕೂಡದು. ಅಂಗುಲದಷ್ಟು ತುಂಡು ಮಾಡಿ, ತೊಳೆದು, ಅರಿಶಿನ, ಉಪ್ಪು ಸವರಿ ಅರ್ಧ ಗಂಟೆ ಇಡಿ. 3 ಈರುಳ್ಳಿ, 15 ಎಸಳು ಬೆಳ್ಳುಳ್ಳಿ, 2 ಅಂಗುಲ ಶುಂಠಿ, 6 ಹಸಿಮೆಣಸು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಇವನ್ನು ತರಿತರಿಯಾಗಿ ಅರೆದುಕೊಳ್ಳಿ. ದಪ್ಪ ತಳದ ಸ್ಟೀಲ್ ಪಾತ್ರೆಗೆ ಮಾಂಸವನ್ನೂ ಅರೆದದ್ದನ್ನೂ ಹಾಕಿ. ಎಣ್ಣೆ ಬೇಡ, ಕೊಬ್ಬು ತಾನೇ ಬಿಡುತ್ತದೆ. ತುಸು ಮಗುಚಿ, ಒಂದು ಲೋಟ ಬಿಸಿನೀರು ಹೊಯ್ದು, ಮುಚ್ಚಿ, ಉರಿಯನ್ನು ಪೂರಾ ಇಳಿಸಿ. ಇನ್ನು ಎರಡು ಗಂಟೆ ಅವಸರ ಮಾಡಬೇಡಿ. ನೀರು ಆರಿದರೆ ಬಿಸಿನೀರನ್ನೇ ಸೇರಿಸಿ.

ಈ ನಿಧಾನಕ್ಕೆ ಕಾರಣವಿದೆ. ಮಾಂಸದ ಎಳೆಗಳ ನಡುವೆ, ಚರ್ಮದಲ್ಲಿ, ಕೊಲ್ಯಾಜನ್ ಎಂಬ ಗಟ್ಟಿ ನಾರು ಇರುತ್ತದೆ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೆಂದರೆ ಅದು ಕರಗಿ ಅಂಟಾಗಿ, ಸಾರಿಗೆ ಮೈ ಕೊಡುತ್ತದೆ. ಕುದಿ ಜೋರಾದರೆ ಅದು ಕರಗುವ ಮೊದಲೇ ಎಳೆಗಳು ಬಿಗಿದು ರಸವನ್ನು ಹಿಂಡಿಬಿಡುತ್ತವೆ.

ಅಷ್ಟರಲ್ಲಿ ಮಸಾಲೆ. 2 ದೊಡ್ಡ ಚಮಚ ಕೊತ್ತಂಬರಿ ಬೀಜ, 1 ದೊಡ್ಡ ಚಮಚ ಕಾಳುಮೆಣಸು, 1 ಸಣ್ಣ ಚಮಚ ಜೀರಿಗೆ, ಅರ್ಧ ಸಣ್ಣ ಚಮಚ ಸಾಸಿವೆ, ನಾಲ್ಕು ಕಾಳು ಮೆಂತ್ಯ. ಕಾಫಿ ಬೀಜದ ಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿ. ಮಾಂಸ ಮೆತ್ತಗಾದ ಮೇಲೆಯೇ ಪುಡಿ. ಕೊನೆಯ ಹತ್ತು ನಿಮಿಷದಲ್ಲಿ ಹುಳಿ.

ಅವ್ವ ಹುಳಿಯನ್ನು ಕಣ್ಣಳತೆಯಲ್ಲೇ ಸುರಿಯುವವರು. ನಮ್ಮ ಮನೆಯಾಕೆ, “ಅತ್ತೆ, ಮೊದಲು ಚಮಚಕ್ಕೆ ಹಾಕಿ, ಆಮೇಲೆ ಪಾತ್ರೆಗೆ” ಎಂದು ಹಟ ಹಿಡಿದಳು. ಸಣ್ಣ ಚಮಚದಲ್ಲಿ ಮೂರು. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ತಾರೀಖು ಸಹಿತ ಬರೆದುಕೊಂಡೆವು. ಗುಮಾಸ್ತರಿಗೆ ಬರುವ ವಿದ್ಯೆ ಅದೊಂದೇ ತಾನೆ!

ಹಂದಿಯ ಮಾಂಸಕ್ಕೆ ಹುಳಿ ಕೂಡಿಸುವವರು ನಾವಷ್ಟೇ ಅಲ್ಲ. ಗೋವೆಯವರ ವಿಂಡಾಲೂ, ಪೋರ್ಚುಗೀಸರು ವೈನು ಬೆಳ್ಳುಳ್ಳಿಯಲ್ಲಿ ನೆನೆಸಿಡುತ್ತಿದ್ದ ಮಾಂಸದಿಂದ ಹುಟ್ಟಿದ್ದು. ಫಿಲಿಪ್ಪೀನ್ಸಿನವರು ವಿನಿಗರಿನಲ್ಲಿ ಬೇಯಿಸಿ ಅಡೋಬೊ ಎನ್ನುತ್ತಾರೆ. ಕೊಬ್ಬಿನ ಜಿಡ್ಡನ್ನು ಮುರಿಯಲು, ಅಡುಗೆ ಬೇಗ ಕೆಡದಿರಲು ಹುಳಿ ಬೇಕೆಂಬುದನ್ನು ಎಲ್ಲರೂ ಕಂಡುಕೊಂಡಿದ್ದಾರೆ.

ಜೊತೆಗೆ ಕಡಂಬುಟ್ಟು. ಒಂದು ಪಾವು ಅಕ್ಕಿತರಿಗೆ ಎರಡೂವರೆ ಪಾವು ನೀರು. ಉಪ್ಪು ಹಾಕಿ ಗಟ್ಟಿಯಾಗಿ ಬೇಯಿಸಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಇಪ್ಪತ್ತು ನಿಮಿಷ ಹಬೆಯಲ್ಲಿಟ್ಟರೆ ಸಾಕು.

ಒಂದು ಮಾತು ಬಾಕಿ. ನಮ್ಮ ಎದುರು ಮನೆಯ ಕಾಕೂ ಕೊರಳಲ್ಲಿ ತುಳಸಿ ಮಾಲೆ ಧರಿಸಿದ ವಾರಕರಿ. ಹಿಂದಿನ ದಿನವೇ ಹೋಗಿ, “ಕಾಕೂ, ನಾಳೆ ನಮ್ಮಲ್ಲಿ ಮಾಂಸದ ಅಡುಗೆ” ಎಂದು ತಿಳಿಸಿದೆವು. ಅವರು, “ಎಷ್ಟು ಗಂಟೆಗೆಂದು ಹೇಳಿ, ಆ ಹೊತ್ತಿಗೆ ನಾನು ಮಗಳ ಮನೆಗೆ ಹೋಗಿಬರುತ್ತೇನೆ” ಎಂದರು. ಸಂಜೆ ಬಂದವರು ಅವ್ವನಿಗೆಂದು ಬಾಳೆಹಣ್ಣು ತಂದಿದ್ದರು. ಹೇಳದೆ ಬೇಯಿಸಿದ್ದರೆ ಬಾಗಿಲು ಮುಚ್ಚುತ್ತಿತ್ತೇನೋ.

ಆ ರಾತ್ರಿ ಅವ್ವ ಎರಡನೆಯ ಸಲ ಬಡಿಸಿಕೊಂಡರು. ಕಳೆದ ವರ್ಷ ಸೀಸೆಯ ತಳ ಕಂಡಿತು. ಕೊನೆಯ ಎರಡು ಚಮಚ ಹಾಗೇ ಇರಲೆಂದು ನಾವಂದರೆ ಅವ್ವ ಕೇಳಲಿಲ್ಲ: “ಹುಳಿ ಇರುವುದು ಅಡುಗೆಗೆ. ದೇವರ ಮನೆಯಲ್ಲಿ ಇಡುವುದಕ್ಕಲ್ಲ.” ಸೀಸೆಯನ್ನು ತೊಳೆದು, ಮಡಿಕೇರಿಯ ಅಂಗಡಿಯಿಂದ ತರಿಸಿದ್ದನ್ನು ಅದಕ್ಕೇ ತುಂಬಿದೆವು. ಅವ್ವ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ ನೋಡಿದರು.

“ಮರ ಬೇರೆ. ಹುಳಿ ಸ್ವಲ್ಪ ಕಡಿಮೆ. ನಾಲ್ಕು ಹಾಕಿ” ಎಂದರು.

ಪುಸ್ತಕದಲ್ಲಿ ಮೂರನ್ನು ಹೊಡೆದು ನಾಲ್ಕೆಂದು ತಿದ್ದಿಕೊಂಡಿದ್ದೇವೆ.